ಒಂದೇ ಎಳೆತಕ್ಕೆ ಬಿಚ್ಚದ ಚೀಲ

ಮೊನ್ನೆಯಿಂದ ನನ್ನ ಹೆಂಡತಿ ಖಾತೂನಬಿ ನನಗೆ ಚಹಾ ಕೊಡುವುದನ್ನು ನಿಲ್ಲಿಸಿದ್ದಾಳೆ. ಚಹಾ ಕುಡಿಯದೆಯೇ ಇಷ್ಟು ಕುಣಿಯುವ ಮುದುಕ, ಕುಡಿದರೆ ಸಿಂಧನೂರಿನಿಂದ ಮಸ್ಕಿಯವರೆಗೂ ಕುಣಿದುಕೊಂಡೇ ಹೋದಾನು ಎಂದು ಅವಳ ಹೆದರಿಕೆ. ಅವಳದೂ ತಪ್ಪಲ್ಲ. ಓಣಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ನನ್ನ ಮೊಮ್ಮಗಳು ಶಾಹಿನಳ ಸುದ್ದಿ ಹೇಳುತ್ತಿದ್ದೇನೆ. ಹಾಲಿನವನಿಗೆ ಎರಡು ಸಲ ಹೇಳಿದೆ. ಇವತ್ತು ಅವನು ನನ್ನನ್ನು ಕಟ್ಟೆಯ ಮೇಲೆ ಕಂಡಕೂಡಲೇ ನಮ್ಮ ಹಾಲನ್ನು ಪಕ್ಕದ ಮನೆಯಲ್ಲಿ ಕೊಟ್ಟು ಸೈಕಲ್ ಹತ್ತಿದ. ಅದಕ್ಕೇ ಬರೆಯುವುದು ವಾಸಿ ಎಂದು ಕೂತೆ. ಕಾಗದ ಸೈಕಲ್ ಹತ್ತಿ ಓಡಿಹೋಗುವುದಿಲ್ಲವಲ್ಲ!

ನಾನು ಓದಿದ್ದು ಮೂರನೆಯ ತರಗತಿ. ಮಾಡಿದ ಕಸುಬು ಡಂಗುರ ಸಾರುವುದು. ಮೊದಲು ಹಲಗೆ, ಅಂದರೆ ತಮಟೆ, ಬಡಿದು, ಆಮೇಲೆ ಕೈಮೈಕಿನಲ್ಲಿ, ಕಡೆಗೆ ನೆತ್ತಿಯ ಮೇಲೆ ತುತ್ತೂರಿಯಂಥ ಎರಡು ತಗಡಿನ ಭೋಂಗಾ ಕಟ್ಟಿದ ಆಟೋದಲ್ಲಿ. ಸಿಂಧನೂರು, ಮಸ್ಕಿ, ಲಿಂಗಸುಗೂರು, ನಡುವಿನ ಹಳ್ಳಿಗಳು, ಎಲ್ಲ ಕಡೆಯೂ ನನ್ನ ದನಿ ಗೊತ್ತು, ಮುಖ ಗೊತ್ತಿಲ್ಲ. ಈಗ ಕಸದ ಗಾಡಿಯಲ್ಲೂ ಪಂಚಾಯ್ತಿ ಗಾಡಿಯಲ್ಲೂ ಮೈಕ್ ಹಿಡಿಯುವ ಹುಡುಗರು, ಹುಡುಗಿಯರು ಬಂದಿದ್ದಾರೆ. ಅವರು ಬಂದು, "ಮೈಬು ಚಾಚಾ, ಗಂಟಲಿಗೆ ಏನು ಔಷಧ ತಗೊಂತಿದ್ರಿ?" ಎಂದು ಕೇಳುತ್ತಾರೆ. ಮಕ್ಕಳೇ, ಗಂಟಲಿನ ಕೆಲಸ ಅಲ್ಲ ಇದು. ಏನು ಕೆಲಸ ಅಂತ ಹೇಳುತ್ತೇನೆ. ಶಾಹಿನಳ ಸುದ್ದಿಯೂ ಅದರೊಳಗೇ ಇದೆ.

ಸುದ್ದಿಯ ಮೊದಲರ್ಧ ಇಲ್ಲೇ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರೆ. ನನ್ನ ಕಣ್ಣು ಮಂಜಾದ ಮೇಲೆ ಆಟೋ ಮಾರುವುದೆಂದು ಮಗ ಖಾಜಾ ತೀರ್ಮಾನ ಮಾಡಿದ. ಮಸ್ಕಿಯಿಂದ ಒಬ್ಬ ಗಿರಾಕಿಯೂ ಗೊತ್ತಾದ. ಆಗ ಖಾಜಾನ ಮಗಳು ಶಾಹಿನ್, ಡಿಗ್ರಿ ಮುಗಿಸಿ ಆಟೋ ಓಡಿಸುವುದನ್ನೂ ಕಲಿತವಳು, ಬಾಗಿಲಿಗೆ ಅಡ್ಡ ನಿಂತಳು. ಗಾಡಿಯೂ ಮೈಕೂ ತನಗೇ ಬೇಕು ಎಂದಳು. ಖಾಜಾ ತನ್ನ ತಾಯಿಯ ಮುಖ ನೋಡಿದ. ನಮ್ಮ ಮನೆಯ ಹೈಕೋರ್ಟು ಅವಳೇ.

"ಒಂದು ಡಂಗುರ," ಅಂದಳು ಖಾತೂನಬಿ. "ಒಂದ ಒಂದು. ಬರಬೇಕಾದವರು ಒಬ್ಬರು ತಪ್ಪಿದ್ರೂ, ಬರಬಾರದವರು ಒಬ್ಬರು ಬಂದು ನನ್ನ ಬಾಗಲಾ ಬಡಿದ್ರೂ, ಗಾಡಿ ಮಸ್ಕಿಗೆ."

ನಮ್ಮ ಮನೆಮಾತು ದಖನಿ ಉರ್ದು, ಆದರೆ ತೀರ್ಪು ಕೊಡುವಾಗ ಅವಳು ಕನ್ನಡದಲ್ಲೇ ಕೊಡುತ್ತಾಳೆ, ಓಣಿಗೆಲ್ಲ ಕೇಳಲಿ ಅಂತ. ಆ ಮಾತು ಮಾತ್ರ ಅವಳದಲ್ಲ. ನನ್ನ ಉಸ್ತಾದ ಮಸ್ಕಿಯ ತಿಪ್ಪಣ್ಣಜ್ಜನದು. ನಾನು ಮನೆಯಲ್ಲಿ ಜನ್ಮವೆಲ್ಲ ಅದನ್ನೇ ಜಪಿಸಿ ಅವಳಿಗೂ ಬಾಯಿಪಾಠ ಆಗಿತ್ತು.

ತಿಪ್ಪಣ್ಣಜ್ಜ ಹಲಗೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾ ನನಗೆ ಮೊದಲ ದಿನ ಹೇಳಿದ್ದು ಇಷ್ಟು: "ಲೇ ಮೈಬೂ, ಒದರಾಕ ಕಾಗಿಗೂ ಬರ್ತದ. ಡಂಗುರಾ ಅಂದ್ರ ಸಾಣಿಗಿ ಇದ್ದಂಗ. ಬರಬೇಕಾದವರು ಎಲ್ಲಾರೂ ಏಳಬೇಕು. ಬ್ಯಾಡಾದವರು ಒಬ್ಬರೂ ಏಳಬಾರದು. ಮತ್ತ ಅದು ಒಂದ ಉಸಿರಿನ್ಯಾಗ ಮುಗೀಬೇಕು. ಯಾಕಂದ್ರ ನೀ ಎರಡನೇ ಉಸಿರು ತಗೊಳ್ಳೋದ್ರಾಗ ಒಲಿ ಮ್ಯಾಲಿನ ರೊಟ್ಟಿ ಸುಡ್ತದ, ಕೇಳಾಕ ನಿಂತಾಕಿ ಒಳಗ ಹೋಗ್ತಾಳ."

ಸಾಣಿಗೆ ಎಂದರೆ ಹಿಟ್ಟು ಸೋಸುವ ಜರಡಿ. ಕಣ್ಣು ದೊಡ್ಡದಾದರೆ ತೌಡೂ ಬೀಳುತ್ತದೆ, ಸಣ್ಣದಾದರೆ ಹಿಟ್ಟೂ ಮೇಲೇ ಉಳಿಯುತ್ತದೆ. ನೋಡಿ, ಇಷ್ಟೇ ಈ ಕಸುಬು. ಇಷ್ಟನ್ನು ಕಲಿಯಲು ನನಗೆ ತಲೆ ನರೆಯಿತು.

ನಾನು ಒಬ್ಬನೇ ಸಾರಿದ ಮೊದಲ ಡಂಗುರ ಮಸ್ಕಿಯಲ್ಲಿ, ದನದ ಡಾಕ್ಟರು ಕುರಿ-ಆಡುಗಳಿಗೆ ಸೂಜಿ ಹಾಕಲು ಬಂದಾಗ. ನಾನು ಹಲಗೆ ಬಡಿದು, "ಕುರಿ ಇದ್ದವರು ಸೂಜಿ ಹಾಕಸಾಕ ಬರ್ರಿ!" ಎಂದೆ. ಕುರಿಗಳು ಬಂದವು. ಡಾಕ್ಟರು ಕೇಳಿದರು, "ಆಡು ಎಲ್ರೀ?" ನನಗೆ ನಾಚಿಕೆಯಾಗಿ ವಾಪಸು ಓಡಿದೆ. ಓಡುವ ಭರದಲ್ಲಿ, ಈ ಸಲ ಯಾರೂ ತಪ್ಪಬಾರದು ಎಂದುಕೊಂಡು, "ನಾಲ್ಕು ಕಾಲಿಂದು ಏನಿದ್ರೂ ತರ್ರಿ!" ಎಂದು ಒದರಿಬಿಟ್ಟೆ. ಎಮ್ಮೆ ಬಂದವು, ಎತ್ತು ಬಂದವು, ನಾಯಿಗಳೂ ಬಂದವು. ದುರುಗಪ್ಪ ಎಂಬ ಕಿಡಿಗೇಡಿ ತನ್ನ ಹೊರಸನ್ನು, ಅಂದರೆ ಹಗ್ಗದ ಮಂಚವನ್ನು, ತಲೆಯ ಮೇಲೆ ಹೊತ್ತುಕೊಂಡು ಬಂದು ಸಾಲಿನಲ್ಲಿ ಇಳಿಸಿದ.

"ನಾಲ್ಕೂ ಕಾಲು ಗಟ್ಟಿ ಅದಾವ್ರಿ ಡಾಕ್ಟರ್ ಸಾಹೇಬ್ರ," ಅಂದ. "ನಡು ಅಷ್ಟ ಜೋತುಬಿದ್ದೈತಿ. ಒಂದು ಸೂಜಿ ನೋಡ್ರಿ."

ನಾನು ಸೋಲುವವನೇ? ತಲೆ ಕೆರೆದುಕೊಂಡು, "ಹಿಕ್ಕಿ ಹಾಕೋವು ಅಷ್ಟ ನಿಲ್ರಿ, ಉಳಿದವು ಮನಿಗೆ ಹೋಗ್ರಿ!" ಎಂದೆ. ಕುರಿಯೂ ಆಡೂ ಗುಂಡುಗುಂಡಗೆ ಹಿಕ್ಕೆ ಹಾಕುತ್ತವೆ. ಎಮ್ಮೆ, ಎತ್ತು, ನಾಯಿ ಹಾಕುವುದಿಲ್ಲ. ಹೊರಸಂತೂ ಇಲ್ಲವೇ ಇಲ್ಲ. ಸಾಲು ಸರಿಯಾಯಿತು. ಏನು ಬುದ್ಧಿ ನನ್ನದು ಎಂದು ಉಬ್ಬಿ ಉಸ್ತಾದನ ಮುಂದೆ ನಿಂತೆ. ಅವನು ನಕ್ಕು ನಕ್ಕು ಹಲಗೆ ಕೆಳಗೆ ಹಾಕಿದ.

"ಕುರಿ, ಆಡು ಅನ್ನಾಕ ನಿನ್ನ ನಾಲಿಗಿಗೆ ಏನು ಧಾಡಿಯಾಗಿತ್ತಲೇ? ಎರಡ ಮಾತು! ಎಲ್ಲಾ ಒಂದ ಮಾತಿನ್ಯಾಗ ಹಿಡಿಬೇಕಂತ ಹಟಾ ಮಾಡಿ ಹಿಕ್ಕಿತನಕ ಹೋಗ್ಯಾನ ಮಗ!"

ಮಕ್ಕಳೇ, ಇದನ್ನು ನೆನಪಿಡಿ. ಎಲ್ಲವನ್ನೂ ಒಂದೇ ಗುಣದಲ್ಲಿ ಹಿಡಿಯುತ್ತೇನೆ ಎಂಬ ಜಾಣತನ ಬೇಡ. "ಇದು, ಇಲ್ಲಾ ಅದು" ಎಂದರೆ ಮರ್ಯಾದೆ ಏನೂ ಹೋಗುವುದಿಲ್ಲ. ಆ ಊರಲ್ಲಿ ಮುಂದೆ ಬಹಳ ಕಾಲ ನನ್ನನ್ನು ಹಿಕ್ಕಿ ಮೈಬು ಅಂತಲೇ ಕರೆದರು. ಹೋಗಲಿ, ಆ ಹೆಸರಿನವನು ಇನ್ನೊಬ್ಬ ಇರಲಿಲ್ಲ.

ಲಿಂಗಸುಗೂರಿನ ಸಂತೆಯದು ಇನ್ನೊಂದು ತಮಾಷೆ. ಮುದಗಲ್ ಕಡೆಯ ಒಬ್ಬ ಸೊಸೆ ಅಳುತ್ತಾ ಬಂದಳು. ಮಾವ ಕಳೆದುಹೋಗಿದ್ದ. "ಹೆಂಗದಾರವ್ವ ನಿಮ್ಮ ಮಾವ?" ಎಂದೆ. "ಬಿಳಿ ಧೋತ್ರ, ಬಿಳಿ ಅಂಗಿ, ಬಿಳಿ ರುಮಾಲ್ರಿ," ಎಂದಳು. ನಾನೂ ಯೋಚನೆ ಮಾಡದೆ ಭೋಂಗಾದಲ್ಲಿ ಅದನ್ನೇ ಹೇಳಿದೆ. ಸಂತೆಯ ಮಂದಿ ಎಷ್ಟು ಒಳ್ಳೆಯವರು ನೋಡಿ! ಕಂಡಕಂಡ ಮುದುಕರನ್ನೆಲ್ಲ ರಟ್ಟೆ ಹಿಡಿದು ತಂದರು. ಬದನೆಕಾಯಿ ಚೌಕಾಸಿ ಮಾಡುತ್ತಿದ್ದವನು, ಎಲೆ-ಅಡಿಕೆ ಹಾಕುತ್ತಿದ್ದವನು, ಸುಮ್ಮನೆ ಕೂತು ನಿದ್ದೆ ಮಾಡುತ್ತಿದ್ದವನು, ಯಾರನ್ನೂ ಬಿಡಲಿಲ್ಲ. ಆಟೋದ ಮುಂದೆ ಬೆಳ್ಳಕ್ಕಿಯ ಹಿಂಡು ಇಳಿದ ಹಾಗಾಯಿತು. "ನಾ ಕಳದಿಲ್ಲೋ ಮಾರಾಯ, ನನ್ನ ಮನಿ ಇಲ್ಲೇ ಐತಿ!" ಎಂದು ಒಬ್ಬ, "ಬಿಡಲೇ, ಬದನಿಕಾಯಿ ಅಲ್ಲೇ ಬಿಟ್ಟೀನಿ!" ಎಂದು ಮತ್ತೊಬ್ಬ. ಇಷ್ಟರಲ್ಲಿ ಒಬ್ಬ ಮುದುಕ ಎಲ್ಲಿಂದಲೋ ಬಂದು, ಕೋಲು ಬೀಸುತ್ತಾ, "ಏ, ಸಾಲು ನಿಲ್ರಿ! ಬುದ್ಧಿ ಬ್ಯಾಡೇನು ನಿಮಗ? ಉದ್ದ ಇದ್ದವರು ಹಿಂದ!" ಎಂದು ಎಲ್ಲರನ್ನೂ ಒಪ್ಪವಾಗಿ ನಿಲ್ಲಿಸತೊಡಗಿದ. ನನಗೆ ಭಾರಿ ಅನುಕೂಲವಾಯಿತು. ನಾನು ಅವನಿಗೆ ಒಂದು ಬೀಡಿಯನ್ನೂ ಕೊಟ್ಟೆ. ಸೊಸೆ ಸಾಲನ್ನೆಲ್ಲ ನೋಡಿ, "ಇವರೊಳಗ ಯಾರೂ ಅಲ್ರಿ," ಎಂದು ಮತ್ತೆ ಅಳಲು ಶುರು ಮಾಡಿ, ಕಣ್ಣು ಒರೆಸಿಕೊಂಡು ತಲೆ ಎತ್ತಿದಳು.

"ಅಯ್ಯ! ಸಾಲು ಹಚ್ಚಾಕತ್ತಾರಲ್ರಿ, ಅವರ ನಮ್ಮ ಮಾವ!"

ಆಮೇಲೆ ಕೇಳಿದರೆ, "ಮನ್ಯಾಗೂ ಹಿಂಗಾರಿ. ಸಿಕ್ಕವರಿಗೆಲ್ಲಾ ಬುದ್ಧಿ ಹೇಳಿಕೋತ ತಿರಗತಾರ," ಎಂದಳು. ಅದನ್ನು ಮೊದಲೇ ಹೇಳಿದ್ದರೆ! "ಸಂತ್ಯಾಗ ಎಲ್ಲಾರಿಗೂ ಬುದ್ಧಿ ಹೇಳಾಕತ್ತಿರೋ ಮುದುಕ" ಎಂದು ಸಾರಿದ್ದರೆ ಅರ್ಧ ಉಸಿರಿನಲ್ಲಿ ಸಿಗುತ್ತಿದ್ದ. ಎದ್ದು ಕಾಣುವುದನ್ನು ಹೇಳಿದರೆ ಸಾಲದು, ಬೇರೆಯವರಲ್ಲಿ ಇಲ್ಲದ್ದನ್ನು ಹೇಳಬೇಕು. ಅಂದಿನಿಂದ ಕಳೆದವರ ಮನೆಯವರನ್ನು ನಾನು ಬಟ್ಟೆಯ ಬಣ್ಣ ಕೇಳುವುದಿಲ್ಲ. "ಅವರ ಮ್ಯಾಲೆ ನಿಮಗ ಸಿಟ್ಟು ಯಾವಾಗ ಬರ್ತದ?" ಎಂದು ಕೇಳುತ್ತೇನೆ. ಗುರುತು ಅಲ್ಲೇ ಸಿಗುತ್ತದೆ.

ಮೇಲಿನವರ ಮಾತು ಹೇಳದಿದ್ದರೆ ಅನುಭವ ಪೂರ್ತಿಯಾಗುವುದಿಲ್ಲ. ಸಿಂಧನೂರಿನಲ್ಲಿ ಪುರಸಭೆಯ ಒಬ್ಬ ಸಾಹೇಬರಿದ್ದರು. ಅವರು ಬರೆದುಕೊಡುತ್ತಿದ್ದ ಡಂಗುರ, "ಈ ಮೂಲಕ ಸಮಸ್ತ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ" ಎಂದು ಶುರುವಾಗುತ್ತಿತ್ತು. ಆಟೋ ಓಣಿಯ ಈ ತುದಿಯಲ್ಲಿದ್ದಾಗ "ಈ ಮೂಲಕ", ಆ ತುದಿ ಮುಟ್ಟಿದಾಗ "ಏನೆಂದರೆ". ವಿಷಯ ಬರುವ ಹೊತ್ತಿಗೆ ನಾನು ಇನ್ನೊಂದು ಓಣಿಯಲ್ಲಿರುತ್ತಿದ್ದೆ. ಒಂದು ದಿನ ಸಾಹೇಬರೇ ಆಟೋದಲ್ಲಿ ಕೂತು ಕೇಳಿ, ಹಣೆ ಬಡಿದುಕೊಂಡು, "ಮೈಬುಸಾಬ್ರೆ, ಇನ್ಮುಂದೆ ನೀವೇ ಸಣ್ಣದು ಮಾಡ್ರಿ," ಎಂದರು.

ಮಾಡಿದೆ. ಹಳೇ ಪೈಪಿನ ಮನೆಗಳಿಗೆ ಮರುದಿನ ನೀರಿಲ್ಲ ಎಂದು ಸಾರಬೇಕಿತ್ತು. ಯಾವ ಓಣಿಯ ಯಾವ ಮನೆಗಳು ಎಂದು ಹೇಳುತ್ತಾ ಹೋದರೆ ಬೆಳಗಾಗುತ್ತದೆ. ನಾನು ತಿರುಗಾಡಿ ನೋಡಿದೆ. ಹಳೇ ಪೈಪಿನಲ್ಲಿ ನೀರು ಮೇಲೆ ಏರುವುದಿಲ್ಲ. ಅದಕ್ಕೇ ಆ ಮನೆಗಳವರು ಬಾಗಿಲ ಮುಂದೆ ಗುಂಡಿ ತೋಡಿ, ನಳವನ್ನು ಗುಂಡಿಯೊಳಗೆ ಇಟ್ಟುಕೊಂಡಿದ್ದರು. ಹೊಸ ಪೈಪಿನವರಿಗೆ ಗುಂಡಿ ಬೇಕಿಲ್ಲ. ಸಿಕ್ಕಿತಲ್ಲ! "ಗುಂಡ್ಯಾಗ ನಳ ಇದ್ದವರು ಇವತ್ತ ನೀರು ತುಂಬಿಕೊಳ್ರಿ!" ಎಂದು ಸಾರಿದೆ. ಎಷ್ಟು ಚಿಕ್ಕದು, ಎಷ್ಟು ಚೊಕ್ಕ!

ಮರುದಿನ ಮದುವೆ ಮನೆಯ ರುದ್ರಪ್ಪ ನನ್ನ ಕೊರಳಪಟ್ಟಿ ಹಿಡಿದ. ಅವನ ಮಗಳ ಮದುವೆಗೆ ಶಾಮಿಯಾನ ಹಾಕಲು ಅವನು ವಾರದ ಹಿಂದೆಯೇ ಗುಂಡಿಗೆ ಕಲ್ಲು ಮುಚ್ಚಿ, ನೆಲ ಸಾರಿಸಿ, ಮೇಲೆ ರಂಗೋಲಿ ಹಾಕಿಸಿದ್ದ. ನೀರಿಗೆ ತಾತ್ಕಾಲಿಕವಾಗಿ, ಪಂಪು ಹಚ್ಚಿ, ಗೋಡೆಗೆ ಒಂದು ರಬ್ಬರ್ ಕೊಳವೆ. "ನಮ್ಮ ನಳ ಗುಂಡ್ಯಾಗಿಲ್ಲಲ್ಲ ಅಂತ ನಾ ಸುಮ್ಮನಿದ್ದೆ. ಈಗ ಹುಗ್ಗಿ ಯಾವುದ್ರಾಗ ಕುದಸಲಿ, ನಿನ್ನ ಭೋಂಗಾದಾಗೇನು?" ಎಂದು ಕೂಗಾಡಿದ. ಆ ದಿನ ಮೈಕ್ ಬಿಚ್ಚಿ ಕೆಳಗಿಟ್ಟು ಆಟೋ ತುಂಬ ಕೊಡ ಹೇರಿ ಕಾಲುವೆಗೂ ಮದುವೆ ಮನೆಗೂ ತಿರುಗಿದೆ. ಕಡೆಗೆ ಹುಗ್ಗಿ ಉಂಡವರಲ್ಲಿ ಎಲ್ಲರಿಗಿಂತ ಹೆಚ್ಚು ಉಂಡವನು ನಾನೇ. ರುದ್ರಪ್ಪನೇ ಎದುರಿಗೆ ಕೂತು ಬಡಿಸಿದ.

ಸಾಹೇಬರು ನನ್ನನ್ನು ಬೈಯಲಿಲ್ಲ. ಬೇವಿನ ಗಿಡದ ಕೆಳಗೆ ಕೂರಿಸಿ, "ಸಣ್ಣದು ಮಾಡಿದ ಮೇಲೆ ಎರಡು ಪ್ರಶ್ನೆ ಕೇಳಿಕೊಳ್ರಿ. ಇದರಾಗ ತಪ್ಪಿ ಒಳಗ ಬರೋನು ಯಾರು? ತಪ್ಪಿ ಹೊರಗ ಉಳಿಯೋನು ಯಾರು? ಅವರಿಬ್ಬರ ಮುಖಾ ಕಣ್ಣ ಮುಂದ ಬರೋತನಕ ಗಾಡಿ ಎಬ್ಬಿಸಬ್ಯಾಡ್ರಿ," ಎಂದರು. ತಿಪ್ಪಣ್ಣಜ್ಜ ನನಗೆ ಕಸುಬು ಕೊಟ್ಟ, ಈ ಸಾಹೇಬರು ಅದಕ್ಕೆ ಕಣ್ಣು ಕೊಟ್ಟರು.

ಆಮೇಲೆ ಪೆನ್‌ಡ್ರೈವ್ ಬಂತು. ಒಂದು ಸಲ ಮಾತಾಡಿ ಇಟ್ಟರೆ ದಿನವೆಲ್ಲ ಅದೇ ಕೂಗುತ್ತದೆ. ಗಂಟಲಿಗೆ ಆರಾಮ. ಆದರೆ ಓಣಿಯ ಮುದುಕಿ ಕೈ ಅಡ್ಡ ಮಾಡಿ, "ನಮಗೂ ಹೌದೇನಪ್ಪಾ?" ಎಂದು ಕೇಳಿದರೆ ಪೆನ್‌ಡ್ರೈವ್ ಉತ್ತರ ಕೊಡುವುದಿಲ್ಲ. ಈಗ ವಾಟ್ಸಾಪ್ ಇದೆ. ಅದರಲ್ಲಿ ಎಲ್ಲರಿಗೂ ಎಲ್ಲವೂ ಬರುತ್ತದೆ, ಆದ್ದರಿಂದ ಪ್ರತಿಯೊಬ್ಬನೂ ಇದು ಬೇರೆಯವರಿಗೆ ಎಂದು ಬಿಟ್ಟುಬಿಡುತ್ತಾನೆ. ಮಕ್ಕಳೇ, ನಿಮ್ಮ ಕೆಲಸ ಹೋಗಿಲ್ಲ, ಹೆದರಬೇಡಿ. ಇದಕ್ಕೆ ಮೊನ್ನೆಯ ದಿನವೇ ಸಾಕ್ಷಿ.

ಬಂತು ನೋಡಿ, ಮೊನ್ನೆ ಬಂತು!

ಕಾಲುವೆಗೆ ನೀರು ಬಿಟ್ಟಿದ್ದರು. ತುರ್ವಿಹಾಳದ ಸುತ್ತ ಎಲ್ಲರೂ ಸಂಜೆಗೆ ಭತ್ತದ ಬೀಜ ನೆನೆಹಾಕಲು ಕಾದಿದ್ದರು. ಬೆಳಿಗ್ಗೆ ಬೀಜದ ಅಂಗಡಿಯ ಶರಣಪ್ಪ ಸಾವುಕಾರ ಬೆವರು ಒರೆಸಿಕೊಳ್ಳುತ್ತಾ ನಮ್ಮ ಮನೆಗೆ ಬಂದ. ಹೋದ ವರ್ಷದ ಸತ್ತ ಬೀಜದ ಚೀಲಗಳನ್ನು ಅವನ ಗೋದಾಮಿನವರು ಬೇರೆ ಇಡುವ ಬದಲು ಹೊಸ ಬೀಜದ ಜೊತೆ ತುರ್ವಿಹಾಳದ ಲೋಡಿಗೆ ಹಾಕಿದ್ದರು. ಎಷ್ಟು ಚೀಲ ಎಂದು ಅವನಿಗೆ ಗೊತ್ತಿತ್ತು, ಯಾರ ಮನೆಗೆ ಹೋದವು ಎಂದು ಗೊತ್ತಿರಲಿಲ್ಲ. ನೆನೆಹಾಕಿದರೆ ಮೊಳಕೆ ಬರುವುದಿಲ್ಲ, ಸಸಿ ಇಲ್ಲ, ನಾಟಿಯ ಹದ ತಪ್ಪಿದರೆ ಆ ಮನೆಯವರಿಗೆ ಆ ವರ್ಷವೇ ಇಲ್ಲ. "ಎಲ್ಲಾರೂ ನಿಲ್ಲಸ್ರಿ ಅಂತ ಸಾರಿದ್ರ?" ಎಂದ. ಶಾಹಿನ್ ತಲೆ ಅಲ್ಲಾಡಿಸಿದಳು. "ಎಲ್ಲಾರೂ ನಿಂತ್ರ ಎಲ್ಲಾರ ಹದಾನೂ ತಪ್ಪತದ ಚಾಚಾ."

ಖಾತೂನಬಿ ಒಳಗಿನಿಂದಲೇ ಹೇಳಿದಳು: "ಇದ ಆ ಒಂದು ಡಂಗುರ."

ಚೀಲ ಎಲ್ಲ ಒಂದೇ ತರಹ, ಒಂದೇ ಚಿತ್ರ. ಚೀಟಿಯ ಮೇಲಿನ ಸಣ್ಣ ಅಕ್ಷರ ಯಾರು ಓದುತ್ತಾರೆ? ಒಂದು ಮಾತ್ರ ಬೇರೆ ಇತ್ತು. ಸತ್ತ ಬೀಜ ತುಂಬಿದ ದಿನ ಹೊಲಿಗೆ ಯಂತ್ರ ಕೆಟ್ಟು, ಹಮಾಲರು ಚೀಲದ ಬಾಯಿಯನ್ನು ದಬ್ಬಣದಿಂದ ಕೈಯಲ್ಲೇ ಹೊಲಿದಿದ್ದರು. ನಾನು, "ದಬ್ಬಣದ ಹೊಲಿಗಿ ಇದ್ದವರು ಅಂದುಬಿಡು," ಎಂದೆ.

"ತಪ್ಪಿ ಒಳಗ ಬರೋರು ಅದಾರ ದಾದಾ," ಎಂದಳು ಶಾಹಿನ್. "ಹೊಟ್ಟಿ ಹರದ ಛಲೋ ಚೀಲಕ್ಕೂ ದಬ್ಬಣದ್ದ ತ್ಯಾಪಿ ಹಾಕ್ಯಾರ. ಮತ್ತ ಬಿಚ್ಚಿದವರು ಹೊಲಿಗಿ ನೋಡಿರ್ತಾರೇನು? ದಾರಾ ಒಲಿಗೆ ಹೋಗಿರ್ತದ."

ಆಗ ನನಗೆ ಹೊಳೆಯಿತು. ಕಣ್ಣು ಮರೆತರೂ ಕೈ ಮರೆಯುವುದಿಲ್ಲ. ಯಂತ್ರದ ಹೊಲಿಗೆಯ ತುದಿ ಹಿಡಿದು ಜಗ್ಗಿದರೆ ಸರ್ರನೆ ಬಿಚ್ಚುತ್ತದೆ, ದಬ್ಬಣದ ಹೊಲಿಗೆಯನ್ನು ಕೊಯ್ಯಬೇಕು. ತುರ್ವಿಹಾಳದಲ್ಲಿ ಶಾಹಿನ್ ಮೈಕ್ ಹಿಡಿದು ನನ್ನ ಮಾತನ್ನೇ ಸಾರಿದಳು: "ಚೀಲದ ಬಾಯಿ ಬಿಚ್ಚಾಕ ಕುಡಗೋಲು ಬೇಕಾದವರು ಬೀಜ ನೆನಿ ಹಾಕಬ್ಯಾಡ್ರಿ, ಚೀಲ ತರ್ರಿ!"

ತಲೆಯ ಮೇಲೆ, ಸೈಕಲ್ ಮೇಲೆ, ಬೈಕಿನ ಮೇಲೆ ಚೀಲಗಳು ಬಂದವು. ಸಾವುಕಾರ ಹಿಂದೆ ಲಾರಿ ನಿಲ್ಲಿಸಿಕೊಂಡು ಬದಲು ಬೀಜ ಕೊಟ್ಟ. ಬೇಡದ ಚೀಲ ಒಂದೂ ಬರಲಿಲ್ಲ! ನಾನು ಮೀಸೆ ತಿರುವುತ್ತಿದ್ದೆ. ಆಗ ಸಾವುಕಾರ ಎಣಿಸಿ ಮುಗಿಸಿ ಹೇಳಿದ, "ಇನ್ನೂ ಒಂದು ಚೀಲ ಬರಬೇಕು."

ಮತ್ತೆ ಸಾರಿದೆವು. ಯಾರೂ ಬರಲಿಲ್ಲ. ಹೊತ್ತು ಇಳಿಯುತ್ತಿತ್ತು. ಮನೆಮನೆಯಲ್ಲಿ ಹಂಡೆಗೆ ನೀರು ಸುರಿಯುವ ಸದ್ದು ಕೇಳಿಸುತ್ತಿತ್ತು. ಒಬ್ಬರು ತಪ್ಪಿದರೂ ಗಾಡಿ ಮಸ್ಕಿಗೆ, ಅದಿರಲಿ, ಯಾವನೋ ಒಬ್ಬನ ಗದ್ದೆ ಖಾಲಿ. ನಾನು ಗಾಬರಿಯಲ್ಲಿ, "ಕುಡಗೋಲು, ಚಾಕು, ಕತ್ತರಿ, ಬ್ಲೇಡು ಎಲ್ಲಾ ಸೇರಿಸಬೇ!" ಎಂದೆ.

"ಎಷ್ಟಂತ ಸೇರಸಲಿ ದಾದಾ? ಅವನು ಏನರೆ ತಗೊಂಡಿರ್ಲಿ," ಎಂದಳು. ಕಣ್ಣು ಮುಚ್ಚಿ ಒಂದು ಗಳಿಗೆ ಕೂತಳು. ಆ ತಪ್ಪಿ ಹೊರಗುಳಿದವನ ಮುಖ ಹುಡುಕುತ್ತಿದ್ದಳು ಎಂದು ನನಗೆ ಗೊತ್ತಾಯಿತು. ಆಮೇಲೆ ಮೈಕ್ ಎತ್ತಿದಳು.

"ಒಂದ ಎಳತಕ್ಕ ಬಾಯಿ ಬಿಚ್ಚದ ಚೀಲ ಯಾರದೈತಿ, ಅವರು ಬರ್ರಿ!"

ಯಾ ಅಲ್ಲಾ! ನಾನು ಹತಾರ ಎಣಿಸುತ್ತಾ ಕೂತಿದ್ದೆ, ಅವಳು ಹತಾರಗಳನ್ನೆಲ್ಲ ಎತ್ತಿ ಕಾಲುವೆಗೆ ಎಸೆದಳು. ಏನಿಂದ ಬಿಚ್ಚಿತು ಎಂದು ಕೇಳಲೇ ಇಲ್ಲ. ಹೇಗೆ ಬಿಚ್ಚಲಿಲ್ಲ ಎಂದಷ್ಟೇ ಹೇಳಿದಳು. ಎರಡನೆಯ ಓಣಿ ತಿರುಗುವಷ್ಟರಲ್ಲಿ ಅಮರಪ್ಪ ಎಂಬ ಪೈಲ್ವಾನನಂಥ ಆಳು, ಹೆಗಲ ಮೇಲೆ ಚೀಲ, ದವಡೆಯ ಮೇಲೆ ಕೈ ಇಟ್ಟುಕೊಂಡು ಓಡುತ್ತಾ ಬಂದ.

"ಕುಡಗೋಲು ಅಂದಿದ್ದಿ ತಂಗಿ, ಅದಕ್ಕ ನಂದಲ್ಲ ಅಂತ ಕುಂತಿದ್ದೆ."

"ಮತ್ತ ಏನಿಲೆ ಬಿಚ್ಚಿದ್ರಿ ಅಣ್ಣಾರ?"

"ಹಲ್ಲಿಲೆ."

"ಹಲ್ಲು?"

"ಹಲ್ಲೂ ಹೋತು!" ಎಂದು ಬಾಯಿ ತೆರೆದು ಕಿಂಡಿ ತೋರಿಸಿದ. ಹಿಂದೆಯೇ ಓಡಿ ಬಂದ ಅವನ ಹೆಂಡತಿ, "ಹಂಡ್ಯಾಗ ಬೀಜಾ ಸುರುವಾಕ ಬಗ್ಗಿದ್ದೆವ್ವ. ಇನ್ನೊಂದು ಗಳಿಗಿ ತಡಾ ಆಗಿದ್ರ!" ಎಂದು ಶಾಹಿನಳ ಎರಡೂ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಸಾವುಕಾರ ಲಾರಿಯ ಮೇಲಿಂದ "ಮುಗೀತು, ಎಲ್ಲಾ ಬಂದ್ವು!" ಎಂದು ಕೂಗಿದ. ನಾನು ಅಲ್ಲೇ, ಕಾಲುವೆಯ ಏರಿಯ ಮೇಲೆ, ಮೊಣಕಾಲು ನೋವನ್ನು ಮರೆತು ಕುಣಿದೆ. ಆ ಕುಣಿತ ಇನ್ನೂ ನಿಂತಿಲ್ಲ.

ನಿನ್ನೆ ಬೆಳಿಗ್ಗೆ ಮಸ್ಕಿಯ ಗಿರಾಕಿ ಬಂದ. ಖಾಜಾ ತಲೆ ಕೆರೆದುಕೊಳ್ಳುತ್ತಾ ನಿಂತಿದ್ದ. ಖಾತೂನಬಿ ಬಾಗಿಲಿಗೆ ಬಂದು ಹೇಳಿದಳು: "ಗಾಡಿ ಮಾರೋದಿಲ್ಲಪ್ಪ. ತಪ್ಪಿದ ಡಂಗುರ ಮುದುಕಂದು, ಗೆದ್ದದ್ದು ಹುಡುಗೀದು. ಮುದುಕನ್ನ ಬೇಕಾದ್ರ ಒಯ್ಯಿ, ಭೋಂಗಾನೂ ಬ್ಯಾಡ, ಅವನ ಒದರತಾನ." ಗಿರಾಕಿ ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ಬಸ್ ಹಿಡಿಯಲು ಹೋದ.

ಬಾಗಿಲ ಹೊರಗೆ ಕೂತು ಇಷ್ಟು ಬರೆಯುವ ಹೊತ್ತಿಗೆ ಓಣಿಯಲ್ಲಿ ಆಟೋ ಸದ್ದಾಯಿತು. ಶಾಹಿನ್ ಕೆಲಸ ಮುಗಿಸಿ ಬಂದಿರಬೇಕು. ಒಳಗಿನಿಂದ ಖಾತೂನಬಿ ಅವಳಿಗೆ ಏನೋ ಹೇಳಿದಳು. ಮೈಕ್ ಕರ್ರ್ ಎಂದಿತು, ಓಣಿಯ ಕಟ್ಟೆಯ ಮೇಲೆ ಕೂತ ಮುದುಕರೆಲ್ಲ ಕಿವಿ ನೆಟ್ಟಗೆ ಮಾಡಿದರು.

"ಮೊನ್ನಿಯಿಂದ ಚಹಾ ಇಲ್ಲದ ಕುಣ್ಯಾಕತ್ತವರು ಒಳಗ ಬರ್ರಿ, ಚಹಾ ಆರತೈತಿ!"

ಒಂದೇ ಉಸಿರು. ಕಟ್ಟೆಯ ಮೇಲಿನವರು ಒಬ್ಬರೂ ಏಳಲಿಲ್ಲ. ನಾನು ಎದ್ದೆ.